ಅಪ್‌ಡೇಟ್: ಕೊನೆಗೆ 3×5 ಹಿಡಿದೆ

ಬಾರ್‌ಬೆಲ್‌ಗೆ ಹೊಸಬ, 5×5 (ಐದು ಸೆಟ್, ಪ್ರತಿ ಸೆಟ್‌ಗೆ ಐದು ರೆಪ್, ಅಂದರೆ ಐದು ಸಲ ಎತ್ತುವುದು) ಮಾಡಲಾ, 3×5 (ಅದೇ, ಮೂರೇ ಸೆಟ್) ಸಾಕಾ ಅಂತ ಕೇಳಿದ್ದೆ ಅಲ್ವಾ? 3×5 ಶುರು ಮಾಡಿದ್ದೇನೆ. ಎರಡರಲ್ಲೂ ವಾರಕ್ಕೆ ಮೂರು ದಿನ, ಪ್ರತಿ ಸಲವೂ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು) ಇದ್ದೇ ಇದೆ. ಆದರೆ ತೂಕ ಏರಿದ ಮೇಲೆ ಐದು ಸೆಟ್, ನಡುನಡುವೆ ರೆಸ್ಟ್ ಅಂದರೆ ಸಂಜೆಯೇ ಮುಗಿದುಹೋಗುತ್ತದೆ. ಆಫೀಸ್ ಮುಗಿಸಿ ಹೋಗುವವನಿಗೆ ಅದು ಆಗದ ಮಾತು.

ಖಾಲಿ ಬಾರ್‌ನಿಂದಲೇ ಶುರು, ಅಂದರೆ 20 ಕೆಜಿ. ಸ್ಕ್ವಾಟ್‌ಗೆ ಸದ್ಯ ಪ್ರತಿ ಸಲ 5 ಕೆಜಿ ಏರಿಸಿದರೂ ನಡೆಯುತ್ತಿದೆ. ತಕರಾರೆಲ್ಲ ಓವರ್‌ಹೆಡ್ ಪ್ರೆಸ್‌ದು, ಅಂದರೆ ನಿಂತು ಬಾರನ್ನು ತಲೆ ಮೇಲಕ್ಕೆ ಎತ್ತುವುದು. ಬಾರ್ ಹಣೆ ಮಟ್ಟಕ್ಕೆ ಬಂದು ಅಲ್ಲೇ ನಡುಗುತ್ತಾ ನಿಲ್ಲುತ್ತದೆ. ಜಿಮ್‌ನಲ್ಲಿ 2.5 ಕೆಜಿಯ ಪ್ಲೇಟೇ ಅತಿ ಚಿಕ್ಕದು. ಎರಡೂ ಕಡೆ ಹಾಕಿದರೆ ಒಮ್ಮೆಗೇ 5 ಕೆಜಿ! ಅದಕ್ಕೇ 1.25ರ ಜೋಡಿ ಕೊಂಡು ಬ್ಯಾಗಲ್ಲೇ ಇಟ್ಟುಕೊಂಡಿದ್ದೇನೆ. ಟ್ರೈನರ್ ನಗುತ್ತಾರೆ, ನಗಲಿ ಬಿಡಿ.

ಡೆಡ್‌ಲಿಫ್ಟ್ (ಬಾರನ್ನು ನೆಲದಿಂದ ಎತ್ತುವುದು) ಮಾತ್ರ ಒಂದೇ ಸೆಟ್, ಐದು ರೆಪ್. ಸುಮ್ನೆ ಜಾಸ್ತಿ ಎಳೆದರೆ ಮುಂದಿನ ಸ್ಕ್ವಾಟ್‌ಗೆ ಸೊಂಟವೇ ಏಳುವುದಿಲ್ಲ.