ಡಿಕ್ಕಿಯಲ್ಲಿ ನೀರು: ಬೀಡಿಂಗ್ ಹೊಸದು ಹಾಕಿಸಿದರೂ ನಿಲ್ಲುತ್ತಿಲ್ಲ

ಸಾಗರದ ಸವಾರ:
ಹಳೇ ಸೆಡಾನ್. ಮಳೆ ಹಿಡಿದ ಮೇಲೆ ಬ್ರೇಕ್ ಹಾಕಿದಾಗಲೆಲ್ಲ ಹಿಂದೆ ಗುಳುಗುಳು ಸದ್ದು. ಮ್ಯಾಟ್ ಎತ್ತಿದರೆ ಸ್ಟೆಪ್ನಿ ಅರ್ಧ ಮುಳುಗಿದೆ, ಜಾಕಿಗೆ ತುಕ್ಕು, ಒಳಗೆಲ್ಲ ಮುಗ್ಗಲು ವಾಸನೆ. ಗ್ಯಾರೇಜಿನವರು ಡಿಕ್ಕಿಯ ಬೀಡಿಂಗ್ (ಬಾಯಿ ಸುತ್ತಲಿನ ರಬ್ಬರ್ ಪಟ್ಟಿ) ಬದಲಿಸಿ ದುಡ್ಡು ತಗೊಂಡರು, ನೀರು ಮಾತ್ರ ಹಾಗೇ ಇದೆ. ಎಲ್ಲಿಂದ ಬರ್ತಿದೆ ಅಂತ ಹುಡುಕೋದು ಹೇಗೆ?

ಘಟ್ಟದ ಕೆಳಗಿನವ:
ಸ್ಟೆಪ್ನಿ ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇರುತ್ತೆ. ಕಿತ್ತು ಬಿಸಾಕಿ, ನೀರು ತಾನಾಗೇ ಹೋಗುತ್ತೆ.

ತೀರ್ಥಹಳ್ಳಿ ಟಿಂಕರ್:
ನೀರು ಹೋಗುತ್ತೆ ನಿಜ, ಅದೇ ತೂತಿನಿಂದ ರಸ್ತೆಯ ಕೆಸರೂ ಮೇಲೆ ಬರುತ್ತೆ. ಬಸಿಯೋಕೆ ತೆಗೀರಿ, ಆಮೇಲೆ ವಾಪಸ್ ಹಾಕಿ.

ಸಾಗರದವರೇ, ಎಲ್ಲರೂ ಮೊದಲು ಬೀಡಿಂಗ್ ಮೇಲೇ ಗೂಬೆ ಕೂರಿಸ್ತಾರೆ, ಕಣ್ಣಿಗೆ ಕಾಣೋದು ಅದೊಂದೇ ನೋಡಿ. ಅನುಮಾನ ಇದ್ದರೆ ಒಂದು ನೋಟು ಇಟ್ಟು ಡಿಕ್ಕಿ ಮುಚ್ಚಿ ಎಳೀರಿ, ಬಿಗಿ ಇರಬೇಕು. ನನ್ನ ಶೆಡ್ಡಿಗೆ ಬರೋ ಇಂಥ ಗಾಡಿಗಳಲ್ಲಿ ಟೈಲ್ ಲ್ಯಾಂಪ್ ಹಿಂದೆ ನೀರು ತಡೆಯೋ ಫೋಮ್ ಪಟ್ಟಿ, ಅಂದ್ರೆ ಗ್ಯಾಸ್ಕೆಟ್ಟಿನದ್ದೇ ಹೆಚ್ಚು. ಫೋಮ್ ಒಣಗಿ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತೆ. ಹಿಂದೆ ಯಾವಾಗಲಾದರೂ ಪೆಟ್ಟು ಬಿದ್ದಿದ್ದರೆ ಶೀಟ್ ಜಾಯಿಂಟಿನ ಸೀಲೆಂಟ್ ಬಿರುಕು ಬಿಟ್ಟಿರಬಹುದು. ಬಂಪರ್ ಒಳಗೆ ಗಾಳಿ ಹೊರಹೋಗೋ ಪ್ಲಾಸ್ಟಿಕ್ ಕಿಂಡಿ ಇರುತ್ತೆ, ಅದರ ರಬ್ಬರೂ ನೋಡಿ.

ಮ್ಯಾಟ್, ಸ್ಟೆಪ್ನಿ, ಪಕ್ಕದ ಲೈನಿಂಗ್ ಎಲ್ಲ ಹೊರಗೆ ತೆಗೆದು, ಒಣಗುವಂತೆ ಒರೆಸಿ ಟಾಲ್ಕಂ ಪೌಡರ್ ಉದುರಿಸಿ. ಡಿಕ್ಕಿ ಮುಚ್ಚಿ, ಹಿಂದಿನ ಸೀಟ್ ಮಡಚಿ ಒಬ್ಬರು ಟಾರ್ಚ್ ಹಿಡಿದು ನೋಡಲಿ. (ಮಕ್ಕಳನ್ನ ಡಿಕ್ಕಿಯೊಳಗೆ ಕೂರಿಸಬೇಡಿ, ದಮ್ಮಯ್ಯ.) ಪೈಪಿನಲ್ಲಿ ಸಣ್ಣಗೆ ನೀರು ಬಿಡ್ತಾ ಬಂಪರ್ ಹತ್ತಿರದಿಂದ ಮೇಲಕ್ಕೆ ಬನ್ನಿ, ಒಂದೊಂದು ಜಾಗಕ್ಕೆ 5 ನಿಮಿಷ. ಮೇಲಿಂದಲೇ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯಲ್ಲ. ಪ್ರೆಷರ್ ವಾಶರ್ ಬೇಡ, ಮಳೆ ಹೋಗದ ಸಂದಿಗೂ ಅದು ನೀರು ನುಗ್ಗಿಸುತ್ತೆ. ಪೌಡರಿನಲ್ಲಿ ಗೆರೆ ಬೀಳುತ್ತೆ, ಅದರ ಮೇಲ್ತುದಿ ಹುಡುಕಿ.

ಸಾಗರದ ಸವಾರ:
ಎಡಗಡೆ ಟೈಲ್ ಲ್ಯಾಂಪಿನ ಕೆಳಗಿನ ಬೋಲ್ಟ್ ಪಕ್ಕದಿಂದ ಗೆರೆ ಇಳಿದಿದೆ ಅಣ್ಣ! ಬಾತ್‌ರೂಮಿಗೆ ತಂದ ಸಿಲಿಕೋನ್ ಮನೇಲಿದೆ, ಮೆತ್ತಲಾ?

ತೀರ್ಥಹಳ್ಳಿ ಟಿಂಕರ್:
ಬೇಡ ಮಾರಾಯ್ರೆ. ಹುಳಿ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಪೇಂಟ್ ಎದ್ದ ಶೀಟಿಗೆ ತುಕ್ಕು ಹಿಡಿಸುತ್ತೆ. ಮುಂದೆ ಅದರ ಮೇಲೆ ಪೇಂಟೂ ಕೂರಲ್ಲ. ಹೊಸ ಗ್ಯಾಸ್ಕೆಟ್ ಸಿಕ್ಕರೆ ಅದೇ ಒಳ್ಳೇದು, ಇಲ್ಲದಿದ್ದರೆ ಹಳೇದನ್ನ ಪೂರ್ತಿ ಕೆರೆದು ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಸುತ್ತ ಹಾಕಿ. ನಟ್ ಮೈಮೇಲೆ ಬಿದ್ದು ಬಿಗೀಬೇಡಿ, ಲ್ಯಾಂಪಿನ ಪ್ಲಾಸ್ಟಿಕ್ ಸೀಳುತ್ತೆ. ಗುಂಡಿಯ ತುಕ್ಕು ಉಜ್ಜಿ ಪ್ರೈಮರ್ ಹೊಡೆದ ಮೇಲೇ ಸ್ಟೆಪ್ನಿ ಇಡಿ.