ಸಹಾಯ ಬೇಕು: ಮಂಡಿಯ ಕಾರ್ಟಿಲೇಜ್ ಚಿಕಿತ್ಸೆ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ತಂಗಿ ಹಾಕಿ ಮ್ಯಾಚ್ ಆಡುವಾಗ ಮಂಡಿ ತಿರುಚಿ, ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿ ಮುಚ್ಚಿರುವ ನುಣುಪಾದ ಪದರ) ಒಂದು ಕಡೆ ಕಿತ್ತುಹೋಗಿದೆ. ಅದಕ್ಕೆ ರಕ್ತನಾಳ ಇಲ್ಲ, ಹಾಗಾಗಿ ಮೂಳೆಯ ಹಾಗೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಡಾಕ್ಟರ್ ಎರಡು ದಾರಿ ಹೇಳಿದ್ದಾರೆ. ಒಂದು ಮೈಕ್ರೋಫ್ರ್ಯಾಕ್ಚರ್: ಮೂಳೆಗೆ ಸಣ್ಣ ತೂತು ಮಾಡಿ ಮಜ್ಜೆಯ ಕೋಶಗಳು ಅಲ್ಲಿಗೆ ಬರುವಂತೆ ಮಾಡುತ್ತಾರೆ, ಆದರೆ ಹಾಗೆ ಬೆಳೆಯುವುದು ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಇನ್ನೊಂದು, ಅವಳದೇ ಕಾರ್ಟಿಲೇಜಿನ ಚೂರು ತೆಗೆದು, ಲ್ಯಾಬಿನಲ್ಲಿ ಕೆಲವು ವಾರ ಕೋಶ ಬೆಳೆಸಿ, ಎರಡನೇ ಆಪರೇಷನ್‌ನಲ್ಲಿ ಕೂರಿಸುವುದು. ಸ್ವೀಡನ್ನಿನ ವೈದ್ಯರು 1994ರಲ್ಲೇ ಇದರ ಫಲಿತಾಂಶ ಪ್ರಕಟಿಸಿದ್ದಾರೆ, ಅದೇ ನನಗೆ ಧೈರ್ಯ.

ಮೈಸೂರು, ಮಂಗಳೂರು, ಬೆಂಗಳೂರಲ್ಲಿ ಈ ಎರಡನೆಯದನ್ನು ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಖರ್ಚು ಎಷ್ಟಾಯಿತು, ಇನ್ಶೂರೆನ್ಸ್‌ನವರು ಕೊಟ್ಟರಾ, ಮತ್ತೆ ಓಡಲು ಎಷ್ಟು ತಿಂಗಳು ಬೇಕಾಯಿತು? ಒಂದೇ ಸ್ಟೆಮ್ ಸೆಲ್ ಇಂಜೆಕ್ಷನ್‌ನಲ್ಲಿ ಎಲ್ಲ ಸರಿಯಾಗುತ್ತೆ ಅನ್ನುವ ಜಾಹೀರಾತು ದಯವಿಟ್ಟು ಸುಮ್ನೆ ಕಳಿಸಬೇಡಿ, ಅವಳಿಗೆ ಆಸೆ ಹುಟ್ಟಿಸುವುದು ಬೇಡ. ಆಪರೇಷನ್ ಆದಮೇಲೆ ಬಹಳ ದಿನ ಕಾಲಿಗೆ ಭಾರ ಹಾಕುವಂತಿಲ್ಲ, ನಮ್ಮ ಮನೆಗೆ ದಾರಿ ಬರೀ ಏರು, ಮಳೆ ಬೇರೆ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಮನೆಗೇ ಬರುವ ಒಳ್ಳೆ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ಮೆಸೇಜ್ ಮಾಡಿ.