ಪದ ಬೇಕು: ಸ್ಟ್ರೋಕ್ ಅಧ್ಯಯನದ ಇಲಿಗಳಲ್ಲಿ ‘ಕೋಮಾರ್ಬಿಡಿಟಿ’

ಎಲ್ಲರಿಗೂ ನಮಸ್ಕಾರ,

ವೈದ್ಯಕೀಯ ಲೇಖನವೊಂದನ್ನು ಅನುವಾದ ಮಾಡ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಕೋಮಾರ್ಬಿಡಿಟಿ’ಗೆ, ಅಂದರೆ ಒಂದು ಕಾಯಿಲೆಯ ಜೊತೆಗೇ ಇರುವ ಇನ್ನೊಂದು ಕಾಯಿಲೆಗೆ, ಏನನ್ನೋಣ?

ವಿಷಯ ಇದು. ಸ್ಟ್ರೋಕ್ ಔಷಧಿಯನ್ನು ಮೊದಲು ಇಲಿಗಳಲ್ಲಿ ನೋಡುತ್ತಾರೆ. ಕತ್ತಿನ ರಕ್ತನಾಳದೊಳಗೆ ತೆಳ್ಳನೆಯ ನೈಲಾನ್ ಎಳೆ ತೂರಿಸಿ, ಮಿದುಳಿನ ಒಂದು ಧಮನಿಯ ಬಾಯಿ ಮುಚ್ಚಿ ಸ್ಟ್ರೋಕ್ ತರುತ್ತಾರೆ. ಆ ಇಲಿ ಹೆಚ್ಚಾಗಿ ಹರೆಯದ, ಗಟ್ಟಿಮುಟ್ಟಾದ ಗಂಡಿಲಿ. ಸ್ಟ್ರೋಕ್ ಆಗುವ ಮನುಷ್ಯರಿಗೋ ಸಾಮಾನ್ಯವಾಗಿ ವಯಸ್ಸಾಗಿರುತ್ತೆ. ಬಿಪಿ, ಶುಗರ್, ಬೊಜ್ಜು ಮೊದಲೇ ಇರುತ್ತವೆ. ಇಲಿಗಳನ್ನೂ ಹಾಗೇ ಆರಿಸಿ ಅನ್ನೋದು ಲೇಖನದ ವಾದ. ‘ಸಹವ್ಯಾಧಿ’ ಅಂತ ಬರೆದಿದ್ದೆ, ಸಂಪಾದಕರು ಒಪ್ಪಲಿಲ್ಲ.

ಮರು:
ಕೂಡುಬೇನೆ. ಅಷ್ಟೇ. ಸಹವ್ಯಾಧಿ ಪೂರ್ತಿ ಸಂಸ್ಕೃತ. ಕಾಯಿಲೆಯೂ ನಮ್ಮದಲ್ಲ, ಹಿಂದುಸ್ತಾನಿಯಿಂದ ಬಂದದ್ದು. ಪಾರ್ಶ್ವವಾಯು ಅಂತಲೂ ಬರೀಬೇಡಿ, ಲಕ್ವ ಅನ್ನಿ.

ಮರು: ಮರು:
ಲಕ್ವ ಅರಬ್ಬಿ ಪದ ಸ್ವಾಮಿ. ಅಲ್ಲಿ ಅದು ಬಾಯಿ ಸೊಟ್ಟಗಾಗುವ ಕಾಯಿಲೆಯ ಹೆಸರು. ಬೇನೆಯೂ ‘ವೇದನೆ’ಯ ತದ್ಭವ. ಮೂಲ ಹುಡುಕುತ್ತಾ ಹೋದರೆ ಒಂದು ಪದವೂ ಉಳಿಯಲ್ಲ. ಅರ್ಥ ನೋಡಿ. ಬೇನೆ ಅಂದರೆ ನೋವು. ಬಿಪಿ ಎಷ್ಟೋ ವರ್ಷ ನೋವೇ ಕೊಡಲ್ಲ, ಅಲ್ವಾ?

‘ಜೊತೆಕಾಯಿಲೆ’ ಇರಲಿ. ಆದರೆ ಯಾವುದು ಜೊತೆಗಿರೋದು, ಯಾವುದು ಕಾರಣ, ಯಾವುದು ಆಮೇಲೆ ಬರೋದು ಅನ್ನೋದು ತಪ್ಪಬಾರದು. 1963ರಲ್ಲಿ ಜಪಾನಿನ ಕ್ಯೋಟೊದಲ್ಲಿ ಒಕಾಮೊಟೊ ಮತ್ತು ಆಓಕಿ ಅನ್ನೋ ವಿಜ್ಞಾನಿಗಳು ಬಿಪಿ ತಾನಾಗೇ ಏರುವ ಇಲಿ ತಳಿಯನ್ನು ಬೆಳೆಸಿದರು. ಅದಕ್ಕೆ ಎಳೆ ತೂರಿಸಿ ಸ್ಟ್ರೋಕ್ ತಂದರೆ ಬಿಪಿ ಜೊತೆಕಾಯಿಲೆ. ಅದೇ ವಂಶದಿಂದ ಮುಂದೆ ಇನ್ನೊಂದು ತಳಿ ಬಂತು. ಅದರಲ್ಲಿ ಸ್ಟ್ರೋಕ್ ತಾನಾಗೇ ಆಗುತ್ತೆ, ಅಲ್ಲಿ ಬಿಪಿಯೇ ಕಾರಣ. ಎರಡನ್ನೂ ಒಂದೇ ಪದದಲ್ಲಿ ತುರುಕಬೇಡಿ. ಸ್ಟ್ರೋಕ್ ಆದ ಮೇಲೆ ಬರುವ ನ್ಯುಮೋನಿಯಾ ಮತ್ತೆ ಬೇರೆ, ಅದು ತೊಡಕು.

‘ಇಲಿ ಮಾದರಿಯ ಸ್ಟ್ರೋಕ್’ ಅಂತಲೂ ಬೇಡ. ಇಲಿಯಂಥ ಸ್ಟ್ರೋಕ್ ಅಂತ ಓದುತ್ತಾರೆ.

ಮರು: ಮರು: ಮರು:
ಇಷ್ಟೆಲ್ಲ ಯಾಕೆ? ಡಾಕ್ಟರು ಕೋಮಾರ್ಬಿಡಿಟಿ ಅಂತಾರೆ, ಹಾಗೇ ಬರೆಯಿರಿ. ಬಿಪಿ, ಶುಗರ್ ಒಪ್ಪಿಕೊಂಡಿಲ್ವಾ?

ಮರು: ಮರು: ಮರು: ಮರು:
ಬಿಪಿ, ಶುಗರ್ ರೋಗಿಗಳ ಬಾಯಲ್ಲೇ ಇವೆ. ಕೋಮಾರ್ಬಿಡಿಟಿ ಯಾರ ಬಾಯಲ್ಲಿದೆ? ಎರವಲು ಬೇಡ ಅಂತ ನಾನು ಹೇಳ್ತಿಲ್ಲ. ಓದುಗರು ಕೇಳಿರದ ಪದವನ್ನು ಸುಮ್ನೆ ಕನ್ನಡ ಲಿಪಿಯಲ್ಲಿ ಬರೆದರೆ ಅದು ಎರವಲೂ ಅಲ್ಲ, ಅನುವಾದವೂ ಅಲ್ಲ. ಈ ವಿಷಯ ಜನಕ್ಕೆ ತಿಳಿಯಲೇಬೇಕು. ಎನ್‌ಎಕ್ಸ್‌ವೈ-059 ಅನ್ನೋ ಔಷಧಿ ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಮನುಷ್ಯರ ಮೇಲಿನ ದೊಡ್ಡ ಪ್ರಯೋಗದಲ್ಲಿ ಕೈಕೊಟ್ಟಿತು, 2007ರಲ್ಲಿ ಫಲಿತಾಂಶ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಟ್ರೋಕ್ ತಜ್ಞರ ‘ಸ್ಟೇರ್’ ಶಿಫಾರಸುಗಳು 1999ರಲ್ಲೇ ಬಂದಿದ್ದವು. 2009ರ ಪರಿಷ್ಕರಣೆಯಲ್ಲಿ ವಯಸ್ಸಾದ, ಬಿಪಿ ಮತ್ತು ಶುಗರ್ ಇರುವ ಪ್ರಾಣಿಗಳಲ್ಲೂ ಪರೀಕ್ಷಿಸಿ ಎಂದು ಸೇರಿಸಿದರು.

ಮರು:
ಕೂಡುಬೇನೆಗೇ ನನ್ನ ಓಟು. ತದ್ಭವ ಆದ್ಮೇಲೆ ಅದು ನಮ್ಮದೇ.

ಮರು:
ಥ್ಯಾಂಕ್ಸ್. ತಲೆಬರಹದಲ್ಲಿ ‘ಮೊದಲೇ ಬಿಪಿ, ಶುಗರ್ ಇರುವ ಇಲಿಗಳಲ್ಲಿ ಸ್ಟ್ರೋಕ್ ಅಧ್ಯಯನ’, ಒಳಗೆ ‘ಜೊತೆಕಾಯಿಲೆ’. ಒಂದು ಉಳಿದಿದೆ: ಮೂಲದಲ್ಲಿ ವಯಸ್ಸನ್ನೂ ಜೊತೆಕಾಯಿಲೆಗಳ ಪಟ್ಟಿಯಲ್ಲೇ ಹಾಕಿದ್ದಾರೆ.

ಮರು: ಮರು:
ಮುಪ್ಪು ಕಾಯಿಲೆ ಅಲ್ಲ. ‘ವಯಸ್ಸಾದ ಹಾಗೂ ಜೊತೆಕಾಯಿಲೆ ಇರುವ ಇಲಿಗಳು’ ಅಂತ ಬಿಡಿಸಿ ಬರೆಯಿರಿ.